ಗಂಡಸರ ಈಸ್ಟ್ರಾಡಿಯೋಲ್ ಟೆಸ್ಟ್: ಸಂಖ್ಯೆಗೆ ಮೊದಲು ವಿಧಾನ ನೋಡಿ

ಟೆಸ್ಟೋಸ್ಟೆರಾನ್ ಚಿಕಿತ್ಸೆಯಲ್ಲಿರುವ ಒಬ್ಬ ಗಂಡಸಿನ ರಿಪೋರ್ಟ್ ನಿಮ್ಮ ಕೈಗೆ ಬಂತು ಅಂದುಕೊಳ್ಳಿ. ಈಸ್ಟ್ರಾಡಿಯೋಲ್ 48, ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಹೈ'. ಎಲ್ಲರ ಕಣ್ಣೂ ಮೊದಲು ಹೋಗುವುದು ಆ 48ರ ಮೇಲೆಯೇ. ಆದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಮೆಥಡ್' ಅಂತ ಒಂದು ಸಾಲು ಇರುತ್ತದೆ. ಸಿಎಲ್‌ಐಎ, ಇಸಿಎಲ್‌ಐಎ, ಸಿಎಂಐಎ, ಎಲ್‌ಸಿ-ಎಂಎಸ್/ಎಂಎಸ್, ಇವುಗಳಲ್ಲಿ ಯಾವುದೋ ಒಂದು. ಈ ಟಿಪ್ಪಣಿ ಆ ಒಂದು ಸಾಲಿನ ಬಗ್ಗೆಯೇ. ಅದನ್ನು ಓದದೆ 48 ಜಾಸ್ತಿಯೋ ಸರಿಯೋ ಅಂತ ಹೇಳಲು ಬರುವುದಿಲ್ಲ.

ಗಂಡಸರಿಗೆ ಈಸ್ಟ್ರೋಜನ್ ಯಾಕೆ?

ಈಸ್ಟ್ರಾಡಿಯೋಲ್ ಅಂದರೆ ಈಸ್ಟ್ರೋಜನ್ ಗುಂಪಿನ ಮುಖ್ಯ ಹಾರ್ಮೋನ್. ಗಂಡಸಿನ ದೇಹದಲ್ಲಿ ಅದು ತಯಾರಾಗುವುದು ಟೆಸ್ಟೋಸ್ಟೆರಾನ್‌ನಿಂದಲೇ. ಅರೋಮಟೇಸ್ ಎಂಬ ಕಿಣ್ವ ಈ ಕೆಲಸ ಮಾಡುತ್ತದೆ. ವೃಷಣಗಳು ನೇರವಾಗಿ ಕೊಡುವುದು ಸಣ್ಣ ಪಾಲು. ಉಳಿದದ್ದು ಕೊಬ್ಬು, ಸ್ನಾಯು, ಮೂಳೆ, ಮಿದುಳು ಇಲ್ಲೆಲ್ಲ ಆಗುತ್ತದೆ. ಹಾಗಾಗಿ ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಟ್ಟರೆ ಈಸ್ಟ್ರಾಡಿಯೋಲ್ ಕೂಡ ಏರುವುದು ಸಹಜ. ಅದು ಅಡ್ಡಪರಿಣಾಮ ಅನ್ನುವುದಕ್ಕಿಂತ ಚಿಕಿತ್ಸೆಯ ಭಾಗ ಅಂದರೆ ಸರಿ.

ಇದು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 1994ರಲ್ಲಿ ವರದಿಯಾದ ಒಂದು ಪ್ರಕರಣ ಇದೆ. 28 ವರ್ಷದ ಗಂಡಸು, ಎತ್ತರ 204 ಸೆಂ.ಮೀ. ಈಸ್ಟ್ರೋಜನ್ ಗ್ರಾಹಕದ ಜೀನ್‌ನಲ್ಲೇ ದೋಷ. ಟೆಸ್ಟೋಸ್ಟೆರಾನ್ ಸರಿಯಾಗಿಯೇ ಇತ್ತು. ಆದರೂ ಮೂಳೆಯ ಬೆಳವಣಿಗೆಯ ತುದಿಗಳು ಇನ್ನೂ ಮುಚ್ಚಿರಲಿಲ್ಲ, ಮೂಳೆ ಟೊಳ್ಳಾಗಿತ್ತು. ಗಂಡಸಿನ ಮೂಳೆ ಗಟ್ಟಿಯಾಗಲು ಈಸ್ಟ್ರೋಜನ್ ಬೇಕೇ ಬೇಕು ಅಂತ ಆಗ ಖಚಿತವಾಯಿತು.

2013ರಲ್ಲಿ ಫಿಂಕೆಲ್‌ಸ್ಟೈನ್ ಮತ್ತು ಸಂಗಡಿಗರು ಇನ್ನೂ ಸೂಕ್ಷ್ಮವಾಗಿ ನೋಡಿದರು. ಆರೋಗ್ಯವಂತ ಗಂಡಸರ ಸ್ವಂತ ಹಾರ್ಮೋನನ್ನು ಔಷಧಿಯಿಂದ ನಿಲ್ಲಿಸಿ, ಬೇರೆ ಬೇರೆ ಪ್ರಮಾಣದ ಟೆಸ್ಟೋಸ್ಟೆರಾನ್ ಜೆಲ್ ಕೊಟ್ಟರು. ಒಂದು ಗುಂಪಿಗೆ ಜೊತೆಗೆ ಅನಾಸ್ಟ್ರೋಜೋಲ್ ಕೊಟ್ಟು ಈಸ್ಟ್ರೋಜನ್ ತಯಾರಾಗದಂತೆ ತಡೆದರು. ಸ್ನಾಯು ಮತ್ತು ಶಕ್ತಿಯ ವಿಷಯದಲ್ಲಿ ಟೆಸ್ಟೋಸ್ಟೆರಾನ್ನದೇ ಕಾರುಬಾರು. ಆದರೆ ಮೈಯಲ್ಲಿ ಕೊಬ್ಬು ಏರಿದ್ದು ಈಸ್ಟ್ರೋಜನ್ ಕೊರತೆಯಿಂದ. ಲೈಂಗಿಕ ಆಸಕ್ತಿ ಕುಗ್ಗಲು ಎರಡರ ಕೊರತೆಯೂ ಕಾರಣ.

ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ಸುಳ್ಳು 'ಹೈ' ನೋಡಿ ಅನಾಸ್ಟ್ರೋಜೋಲ್ ಶುರು ಮಾಡಿದರೆ ನಿಜಕ್ಕೂ ಸರಿಯಾಗಿದ್ದ ಮಟ್ಟ ನೆಲ ಕಚ್ಚುತ್ತದೆ. ಟೆಸ್ಟ್ ತಪ್ಪಿದರೆ ಹಾಳೆ ಮೇಲೆ ಬರೀ ಒಂದು ಸಂಖ್ಯೆ ತಪ್ಪು. ಅದನ್ನು ನಂಬಿ ಮಾತ್ರೆ ನುಂಗಿದವನ ಮೂಳೆಗೆ, ಆಸಕ್ತಿಗೆ ನಿಜವಾದ ಪೆಟ್ಟು.

ಮಾಮೂಲಿ ಟೆಸ್ಟ್ ಎಲ್ಲಿ ಎಡವುತ್ತದೆ?

ಬಹುಪಾಲು ಲ್ಯಾಬ್‌ಗಳಲ್ಲಿ ನಡೆಯುವುದು ಇಮ್ಯುನೋಅಸ್ಸೇ, ಅಂದರೆ ಆಂಟಿಬಾಡಿ ಬಳಸಿ ಅಳೆಯುವ ಪದ್ಧತಿ. ಮೇಲೆ ಹೇಳಿದ ಸಿಎಲ್‌ಐಎ, ಇಸಿಎಲ್‌ಐಎ, ಸಿಎಂಐಎ ಎಲ್ಲ ಇದೇ ಕುಟುಂಬದವು. ಬೇಗ ಆಗುತ್ತದೆ, ಅಗ್ಗ, ಒಂದೇ ಯಂತ್ರದಲ್ಲಿ ನೂರಾರು ಮಾದರಿ ಹಾಕಬಹುದು. ಇದರ ಮೂಲರೂಪವಾದ ರೇಡಿಯೋಇಮ್ಯುನೋಅಸ್ಸೇಗೆ ರೊಸಾಲಿನ್ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಕೆಟ್ಟ ವಿಧಾನವೇನಲ್ಲ. ತೊಂದರೆ ಇರುವುದು ಎಲ್ಲಿ ಬಳಸುತ್ತೇವೆ ಅನ್ನುವುದರಲ್ಲಿ.

ಈಸ್ಟ್ರಾಡಿಯೋಲ್ ತುಂಬ ಪುಟ್ಟ ಅಣು, ಅಣುತೂಕ ಸುಮಾರು 272. ಟಿಎಸ್‌ಎಚ್‌ನಂಥ ದೊಡ್ಡ ಪ್ರೋಟೀನ್ ಆಗಿದ್ದರೆ ಎರಡು ಆಂಟಿಬಾಡಿಗಳು ಎರಡು ಕಡೆಯಿಂದ ಹಿಡಿಯಬಹುದಿತ್ತು. ಇಲ್ಲಿ ಒಂದಕ್ಕೇ ಜಾಗ. ಅದಕ್ಕೇ ಸ್ಪರ್ಧೆಯ ಪದ್ಧತಿ ಬಳಸುತ್ತಾರೆ. ಇದು ಹೆಚ್ಚುಕಡಿಮೆ ಕುರ್ಚಿ ಆಟ. ಆಂಟಿಬಾಡಿಯ ಕುರ್ಚಿಗಳು ಇಷ್ಟೇ ಇರುತ್ತವೆ. ಬೆಳಕು ಕೊಡುವ ಗುರುತು ಅಂಟಿಸಿದ, ಕಿಟ್‌ನಿಂದ ಬಂದ ಈಸ್ಟ್ರಾಡಿಯೋಲ್ ಒಂದು ಕಡೆ. ರಕ್ತದಲ್ಲಿರುವುದು ಇನ್ನೊಂದು ಕಡೆ. ರಕ್ತದಲ್ಲಿ ಜಾಸ್ತಿ ಇದ್ದಷ್ಟೂ ಗುರುತಿನವಕ್ಕೆ ಕುರ್ಚಿ ಕಡಿಮೆ, ಬೆಳಕೂ ಕಡಿಮೆ. ಯಂತ್ರ ಬೆಳಕಿನ ಇಳಿಕೆಯನ್ನು ನೋಡಿ ಲೆಕ್ಕ ಹಾಕುತ್ತದೆ.

ಹಾರ್ಮೋನ್ ತೀರಾ ಕಡಿಮೆ ಇದ್ದಾಗ ಏನಾಗುತ್ತದೆ ನೋಡಿ. ಬೆಳಕು ಪೂರ್ತಿ ಇರುತ್ತದೆ, ಅದರಲ್ಲಿ ಚೂರೇ ಚೂರು ಇಳಿಕೆ. ಯಂತ್ರದ ಸಹಜ ಏರಿಳಿತ ಯಾವುದು, ಹಾರ್ಮೋನ್ ತಂದ ಇಳಿಕೆ ಯಾವುದು ಅಂತ ಬಿಡಿಸಿ ಹೇಳುವುದು ಕಷ್ಟ. ಹೆಂಗಸರಲ್ಲಿ ಅಂಡೋತ್ಪತ್ತಿಯ ಹೊತ್ತಿಗೆ ಈಸ್ಟ್ರಾಡಿಯೋಲ್ ಮಿಲಿಲೀಟರ್‌ಗೆ 200ರಿಂದ 400 ಪಿಕೋಗ್ರಾಂ ತಲುಪುತ್ತದೆ, ಬಸುರಿನಲ್ಲಿ ಸಾವಿರಗಟ್ಟಲೆ. ಈ ಕಿಟ್‌ಗಳು ಮುಖ್ಯವಾಗಿ ಅಂಥ ಬಳಕೆಗೆ ಹೊಂದಿಕೊಂಡು ಬೆಳೆದವು. ಗಂಡಸರಲ್ಲಿ ಇರುವುದು ಸುಮಾರು 10ರಿಂದ 40. ಅಂದರೆ ಅಳತೆಪಟ್ಟಿಯ ತೀರಾ ಕೆಳಗಿನ ಮೂಲೆಯಲ್ಲೇ ನಮ್ಮ ಪೂರ್ತಿ ಲೆಕ್ಕ ನಡೆಯುತ್ತದೆ.

ಎರಡನೆಯ ತೊಂದರೆ, ಕುರ್ಚಿಯಲ್ಲಿ ಬೇರೆಯವರೂ ಬಂದು ಕೂರುವುದು. ಟೆಸ್ಟೋಸ್ಟೆರಾನ್ ಡೆಸಿಲೀಟರ್‌ಗೆ 600 ನ್ಯಾನೋಗ್ರಾಂ ಇದೆ ಅಂದರೆ ಮಿಲಿಲೀಟರ್‌ಗೆ 6000 ಪಿಕೋಗ್ರಾಂ. ಈಸ್ಟ್ರಾಡಿಯೋಲ್ 25 ಇದ್ದರೆ ಅದರ 240 ಪಟ್ಟು! ಉದಾಹರಣೆಗೆ, ಆಂಟಿಬಾಡಿ ಸಾವಿರದಲ್ಲಿ ಒಂದು ಪಾಲು ಟೆಸ್ಟೋಸ್ಟೆರಾನ್ ಅನ್ನು ಈಸ್ಟ್ರಾಡಿಯೋಲ್ ಅಂತ ಎಣಿಸಿತು ಅನ್ನಿ. ಅಷ್ಟಕ್ಕೇ 6 ಪಿಕೋಗ್ರಾಂ ಸುಮ್ನೆ ಸೇರಿಕೊಳ್ಳುತ್ತದೆ, 25 ಹೋಗಿ 31 ಆಗುತ್ತದೆ. ಹೆಂಗಸರ 300ರಲ್ಲಿ ಈ 6 ಯಾರ ಗಮನಕ್ಕೂ ಬರುವುದಿಲ್ಲ.

ಔಷಧಿಗಳೂ ಹೀಗೆ ಬಂದು ಕೂರುತ್ತವೆ. ಎಕ್ಸೆಮೆಸ್ಟೇನ್ ಎಂಬ ಅರೋಮಟೇಸ್ ತಡೆಯುವ ಔಷಧಿಯ ರಚನೆಯೇ ಸ್ಟೀರಾಯ್ಡ್‌ನದು. ಹಲವು ಇಮ್ಯುನೋಅಸ್ಸೇಗಳಲ್ಲಿ ಅದು ಈಸ್ಟ್ರಾಡಿಯೋಲ್ ಆಗಿ ಓದಿಸಿಕೊಳ್ಳುತ್ತದೆ. ಈಸ್ಟ್ರೋಜನ್ ಇಳಿಸಲು ಮಾತ್ರೆ, ಆದರೆ ರಿಪೋರ್ಟ್‌ನಲ್ಲಿ ಏರಿಕೆ. ಅದನ್ನು ನೋಡಿ ಡೋಸ್ ಏರಿಸಿದರೆ ಕಥೆ ಇನ್ನೂ ಹದಗೆಡುತ್ತದೆ, ಅಲ್ವಾ? ಅನಾಸ್ಟ್ರೋಜೋಲ್, ಲೆಟ್ರೋಜೋಲ್ ಎರಡರ ರಚನೆಯೂ ಬೇರೆ, ಆ ಕಾಟ ಅವಕ್ಕಿಲ್ಲ.

ಇನ್ನೊಂದು ಕುತೂಹಲದ ವಿಷಯ ಉರಿಯೂತ. 2013ರಲ್ಲಿ ಯುರೋಪಿನ ಗಂಡಸರ ರಕ್ತವನ್ನು ಇಮ್ಯುನೋಅಸ್ಸೇ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿ (ಅಣುಗಳ ತೂಕ ನೋಡಿ ಅಳೆಯುವ ಪದ್ಧತಿ, ಎಲ್‌ಸಿ-ಎಂಎಸ್/ಎಂಎಸ್ ಇದೇ ಕುಟುಂಬದ್ದು) ಎರಡೂ ವಿಧಾನದಲ್ಲಿ ಅಳೆದು ಹೋಲಿಸಿದರು. ಇಮ್ಯುನೋಅಸ್ಸೇ ಕೊಟ್ಟ ಈಸ್ಟ್ರಾಡಿಯೋಲ್‌ಗೂ, ರಕ್ತದಲ್ಲಿ ಉರಿಯೂತದ ಗುರುತಾದ ಸಿಆರ್‌ಪಿಗೂ ನಂಟು ಕಾಣಿಸಿತು. ಮಾಸ್ ಸ್ಪೆಕ್ಟ್ರೋಮೆಟ್ರಿಯ ಈಸ್ಟ್ರಾಡಿಯೋಲ್‌ನಲ್ಲಿ ಆ ನಂಟು ಮಾಯ. ಅಂದರೆ ಅಳತೆಯಲ್ಲೇ ಏನೋ ಬೆರೆತಿದೆ. 'ಸಿಆರ್‌ಪಿ ಜಾಸ್ತಿ ಇದ್ದರೆ ಮಾತ್ರ ಸಮಸ್ಯೆ, ಇಲ್ಲದಿದ್ದರೆ ಮಾಮೂಲಿ ಟೆಸ್ಟ್ ಸಾಕು' ಅಂತ ಕೆಲವರು ಇದರಿಂದ ತೀರ್ಮಾನಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸಿಆರ್‌ಪಿ ಒಂದು ಕಾರಣ ಅಷ್ಟೇ. ಕೆಳಗಿನ ಮೂಲೆಯ ಅಸ್ಪಷ್ಟತೆ ಸಿಆರ್‌ಪಿ ಶೂನ್ಯವಾದರೂ ಹೋಗುವುದಿಲ್ಲ.

ಬಯೋಟಿನ್ ಮರೆಯಬೇಡಿ. ಕೂದಲು, ಉಗುರಿಗೆ ಅಂತ ದೊಡ್ಡ ಪ್ರಮಾಣದಲ್ಲಿ ನುಂಗುವ ವಿಟಮಿನ್ ಇದು. ಹಲವು ಕಿಟ್‌ಗಳು ಬಯೋಟಿನ್ ಮತ್ತು ಅದನ್ನು ಗಟ್ಟಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್, ಈ ಜೋಡಿಯ ಮೇಲೆ ನಿಂತಿವೆ. ಅಮೆರಿಕದ ಎಫ್‌ಡಿಎ 2017ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅಂಥ ಕಿಟ್‌ಗಳಲ್ಲಿ ಸ್ಪರ್ಧೆಯ ಟೆಸ್ಟ್ ಸುಳ್ಳು ಏರಿಕೆ ತೋರಿಸುತ್ತದೆ, ಎರಡು ಆಂಟಿಬಾಡಿಯ ಟೆಸ್ಟ್ ಸುಳ್ಳು ಇಳಿಕೆ. ಪರಿಣಾಮ ನೋಡಿ: ಟೆಸ್ಟೋಸ್ಟೆರಾನ್ ಹೈ, ಈಸ್ಟ್ರಾಡಿಯೋಲ್ ಹೈ, ಎಲ್‌ಎಚ್ (ಟೆಸ್ಟೋಸ್ಟೆರಾನ್ ತಯಾರಿಸುವಂತೆ ವೃಷಣಗಳಿಗೆ ಹೇಳುವ ಹಾರ್ಮೋನ್) ಲೋ. ಥೇಟ್ ಡೋಸ್ ಜಾಸ್ತಿಯಾದ ಗಂಡಸಿನ ರಿಪೋರ್ಟ್! ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸುವುದು ಒಳ್ಳೆಯದು. ತುಂಬ ದೊಡ್ಡ ಡೋಸ್ ಇದ್ದರೆ ಎಷ್ಟು ದಿನ ಅಂತ ಲ್ಯಾಬ್‌ನವರನ್ನೇ ಕೇಳಿ.

ಎಲ್‌ಸಿ-ಎಂಎಸ್/ಎಂಎಸ್ ಏನು ಮಾಡುತ್ತದೆ?

ಇಲ್ಲಿ ಆಂಟಿಬಾಡಿಯೇ ಇಲ್ಲ. ಮೊದಲು ಸೀರಂಗೆ ಗೊತ್ತಿರುವಷ್ಟು 'ಭಾರದ ಈಸ್ಟ್ರಾಡಿಯೋಲ್' ಬೆರೆಸುತ್ತಾರೆ. ಕೆಲವು ಹೈಡ್ರೋಜನ್ ಪರಮಾಣುಗಳ ಜಾಗದಲ್ಲಿ ಡ್ಯೂಟೀರಿಯಂ ಇರುವ ಈಸ್ಟ್ರಾಡಿಯೋಲ್ ಅದು. ನಡತೆ ಒಂದೇ, ತೂಕ ಮಾತ್ರ ಬೇರೆ. ಆಮೇಲೆ ದ್ರಾವಕದಿಂದ ಸ್ಟೀರಾಯ್ಡ್‌ಗಳನ್ನು ಹೊರತೆಗೆದು, ಉದ್ದನೆಯ ಕಾಲಂನಲ್ಲಿ ಹರಿಸಿ ಒಂದರಿಂದ ಒಂದನ್ನು ಬೇರ್ಪಡಿಸುತ್ತಾರೆ. ನಂತರ ಅಣುಗಳಿಗೆ ವಿದ್ಯುದಾವೇಶ ಕೊಡುತ್ತಾರೆ. ಇದಕ್ಕೆ ಹೆಚ್ಚಾಗಿ ಬಳಸುವ ಎಲೆಕ್ಟ್ರೋಸ್ಪ್ರೇ ತಂತ್ರಕ್ಕೆ ಜಾನ್ ಫೆನ್ ಅವರಿಗೆ 2002ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಮೊದಲ ಜರಡಿ ಸರಿಯಾದ ತೂಕದ ಅಣುಗಳನ್ನಷ್ಟೇ ಬಿಡುತ್ತದೆ. ಅವು ಅನಿಲಕ್ಕೆ ಡಿಕ್ಕಿ ಹೊಡೆದು ಒಡೆಯುತ್ತವೆ. ಎರಡನೆಯ ಜರಡಿ ಆ ಚೂರಿನ ತೂಕವನ್ನೂ ನೋಡುತ್ತದೆ. ಕಾಲಂನಿಂದ ಹೊರಬಂದ ಹೊತ್ತು, ಪೂರ್ತಿ ಅಣುವಿನ ತೂಕ, ಚೂರಿನ ತೂಕ ಮೂರೂ ಹೊಂದಿದರೆ ಮಾತ್ರ ಲೆಕ್ಕಕ್ಕೆ ಸೇರುತ್ತದೆ. ದಾರಿಯಲ್ಲಿ ಸ್ವಲ್ಪ ಮಾದರಿ ನಷ್ಟವಾದರೂ ಚಿಂತೆಯಿಲ್ಲ, ಭಾರದ ಈಸ್ಟ್ರಾಡಿಯೋಲ್ ಕೂಡ ಅಷ್ಟೇ ನಷ್ಟವಾಗಿರುತ್ತದೆ. ಅವೆರಡರ ಅನುಪಾತದಿಂದ ನಿಜ ಪ್ರಮಾಣ ಸಿಗುತ್ತದೆ.

ಹಾಗಂತ ಇದು ಮಂತ್ರದಂಡವಲ್ಲ. ಮಾಡುವ ಕೈ, ಯಂತ್ರದ ಹೊಂದಾಣಿಕೆ ಎಲ್ಲ ಮುಖ್ಯ. ಲ್ಯಾಬ್‌ನಿಂದ ಲ್ಯಾಬ್‌ಗೆ ಇಲ್ಲೂ ವ್ಯತ್ಯಾಸ ಬರುತ್ತದೆ. ಅಮೆರಿಕದ ಸಿಡಿಸಿ ಹಾರ್ಮೋನ್ ಅಳತೆಗಳನ್ನು ಪ್ರಮಾಣೀಕರಿಸುವ ಕಾರ್ಯಕ್ರಮ ನಡೆಸುತ್ತಿರುವುದು ಇದಕ್ಕೇ. ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ ಕೂಡ 2013ರಲ್ಲಿ ಈಸ್ಟ್ರಾಡಿಯೋಲ್ ಅಳತೆಯ ಸವಾಲುಗಳ ಬಗ್ಗೆಯೇ ಒಂದು ನಿಲುವು ಪತ್ರ ಹೊರಡಿಸಿತು.

ಹೆಸರಿನ ಬಲೆ

'ಸೆನ್ಸಿಟಿವ್', 'ಅಲ್ಟ್ರಾಸೆನ್ಸಿಟಿವ್' ಅಂತ ಹೆಸರಿದ್ದ ಮಾತ್ರಕ್ಕೆ ಅದು ಮಾಸ್ ಸ್ಪೆಕ್ಟ್ರೋಮೆಟ್ರಿ ಆಗಬೇಕಿಲ್ಲ. ಸುಧಾರಿಸಿದ ಇಮ್ಯುನೋಅಸ್ಸೇಗೂ ಆ ಹೆಸರು ಇಡಬಹುದು. ಕೇಳಬೇಕಾದ ಪ್ರಶ್ನೆ ಒಂದೇ: "ಇದು ಎಲ್‌ಸಿ-ಎಂಎಸ್/ಎಂಎಸ್ ವಿಧಾನವಾ?" ಇನ್ನೊಂದು ಕೇಳಲು ಮನಸ್ಸಿದ್ದರೆ, ನಂಬಿಕೆಯಿಂದ ಅಳೆಯಬಹುದಾದ ಕನಿಷ್ಠ ಮಟ್ಟ ಎಷ್ಟು ಅಂತ ಕೇಳಿ.

'ಟೋಟಲ್ ಈಸ್ಟ್ರೋಜನ್' ಟೆಸ್ಟ್ ಬೇಡ. ಅದರಲ್ಲಿ ಈಸ್ಟ್ರೋನ್ ಎಂಬ ಇನ್ನೊಂದು ಈಸ್ಟ್ರೋಜನ್ ಕೂಡ ಸೇರಿರುತ್ತದೆ. ಬಂದ ಮೊತ್ತದಿಂದ ಈಸ್ಟ್ರಾಡಿಯೋಲ್ ಎಷ್ಟು ಅಂತ ತಿಳಿಯುವುದಿಲ್ಲ. ಘಟಕವನ್ನೂ ನೋಡಿಕೊಳ್ಳಿ. ಪಿಕೋಗ್ರಾಂ/ಮಿಲಿಲೀಟರ್ ಅನ್ನು 3.67ರಿಂದ ಗುಣಿಸಿದರೆ ಪಿಕೋಮೋಲ್/ಲೀಟರ್. 30 ಅಂದರೆ 110. ಇದು ತಿಳಿಯದೆ 110 ನೋಡಿ ಗಾಬರಿಯಾಗುವವರು ಇದ್ದಾರೆ.

ಯಾವಾಗ ರಕ್ತ ಕೊಡಬೇಕು?

ಎಷ್ಟೇ ಒಳ್ಳೆ ಯಂತ್ರವಾದರೂ ತಪ್ಪು ಹೊತ್ತಿನ ರಕ್ತಕ್ಕೆ ಸರಿಯುತ್ತರ ಕೊಡುವುದಿಲ್ಲ. ಟೆಸ್ಟೋಸ್ಟೆರಾನ್ ಸಿಪಿಯೊನೇಟ್ ಅಥವಾ ಎನಾಂಥೇಟ್ ಚುಚ್ಚುಮದ್ದಿನ ನಂತರ ಮೊದಲ ಕೆಲವು ದಿನಗಳಲ್ಲಿ ಟೆಸ್ಟೋಸ್ಟೆರಾನ್ ಶಿಖರ ಮುಟ್ಟುತ್ತದೆ, ಈಸ್ಟ್ರಾಡಿಯೋಲ್ ಅದರ ಬೆನ್ನಿಗೇ ಏರುತ್ತದೆ. ಚುಚ್ಚಿದ ಎರಡನೆಯ ದಿನದ ಸಂಖ್ಯೆಯನ್ನು ಹೋದ ಸಲದ ಏಳನೆಯ ದಿನದ ಸಂಖ್ಯೆಗೆ ಹೋಲಿಸಿದರೆ ಅರ್ಥವಿಲ್ಲ. ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ ಟೆಸ್ಟೋಸ್ಟೆರಾನ್ ಅಳತೆಗೆ, ಈ ಚುಚ್ಚುಮದ್ದಿದ್ದರೆ ಎರಡು ಡೋಸ್‌ಗಳ ನಡುವಿನ ದಿನ, ಜೆಲ್ ಆದರೆ ಹಚ್ಚಿದ 2ರಿಂದ 8 ಗಂಟೆಯೊಳಗೆ ಅನ್ನುತ್ತದೆ. ಈಸ್ಟ್ರಾಡಿಯೋಲ್‌ಗೂ ಅದೇ ರಕ್ತ ಬಳಸಿದರೆ ಎರಡನ್ನೂ ಜೊತೆಗಿಟ್ಟು ಓದಬಹುದು. ಜೆಲ್ ಹಚ್ಚಿದ ತೋಳಿನಿಂದ ರಕ್ತ ತೆಗೆಸಬೇಡಿ. ಚರ್ಮದ ಮೇಲಿನ ಜೆಲ್ ಸೂಜಿಗೆ ಹತ್ತಿ ಟೆಸ್ಟೋಸ್ಟೆರಾನ್ ಸುಳ್ಳೇ ಏರಬಹುದು.

ಎಲ್ಲರಿಗೂ ಬೇಕಾ?

ಇಲ್ಲ. ಲಕ್ಷಣವೇ ಇಲ್ಲದವರಿಗೆ ಪದೇ ಪದೇ ಮಾಡಿಸುವುದರಿಂದ ಲಾಭಕ್ಕಿಂತ ಗೊಂದಲ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಎದೆ ಊದಿದೆ, ಮೊಲೆತೊಟ್ಟು ನೋಯುತ್ತದೆ, ಅಥವಾ ಅರೋಮಟೇಸ್ ತಡೆಯುವ ಮಾತ್ರೆ ನಡೆಯುತ್ತಿದ್ದು ಕೀಲುನೋವು, ಆಸಕ್ತಿ ಕುಸಿತ ಶುರುವಾಗಿದೆ, ಇಂಥ ಕಡೆ ಸರಿಯಾದ ಅಳತೆ ಬೇಕು. ಅದರಲ್ಲೂ ಮಟ್ಟ ಕೆಳಗಿದೆ ಅನ್ನುವ ಅನುಮಾನ ಇದ್ದರೆ ಎಲ್‌ಸಿ-ಎಂಎಸ್/ಎಂಎಸ್ ಬಿಟ್ಟು ಬೇರೆ ದಾರಿ ಇಲ್ಲ. ಫಿಂಕೆಲ್‌ಸ್ಟೈನ್ ತಂಡದ 2016ರ ಅಧ್ಯಯನದಲ್ಲಿ ಮೂಳೆಗೆ ತೊಂದರೆ ಕಾಣಿಸಿದ್ದು ಈಸ್ಟ್ರಾಡಿಯೋಲ್ ಸುಮಾರು 10ಕ್ಕಿಂತ ಕೆಳಗಿಳಿದಾಗ. 10 ಮತ್ತು 18ರ ನಡುವಿನ ವ್ಯತ್ಯಾಸವನ್ನು ಮಾಮೂಲಿ ಕಿಟ್ ಹೇಳಲಾರದು. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ತಡೆಯುವ ಚಿಕಿತ್ಸೆಯಲ್ಲಿರುವ ಗಂಡಸರಿಗೂ ಇದೇ ಮಾತು. ಅವರಲ್ಲಿ ಟೆಸ್ಟೋಸ್ಟೆರಾನ್ ಜೊತೆ ಈಸ್ಟ್ರಾಡಿಯೋಲ್ ಕೂಡ ಪಾತಾಳಕ್ಕೆ ಇಳಿದಿರುತ್ತದೆ.

ಇಮ್ಯುನೋಅಸ್ಸೇಯಲ್ಲೇ 150 ಬಂದಿದ್ದರೆ? ಬಯೋಟಿನ್, ಎಕ್ಸೆಮೆಸ್ಟೇನ್ ಎರಡೂ ಇಲ್ಲ ಅಂತಾದರೆ ಮಟ್ಟ ನಿಜಕ್ಕೂ ಏರಿರುವ ಸಾಧ್ಯತೆಯೇ ಜಾಸ್ತಿ. ಪಿಕೋಗ್ರಾಂ ಲೆಕ್ಕದಲ್ಲೇ 150 ಅಂತ ಮಾತ್ರ ಖಾತ್ರಿ ಮಾಡಿಕೊಂಡು ವೈದ್ಯರ ಹತ್ತಿರ ಹೋಗಿ.

ಕೊನೆಗೆ ಒಂದು ಲೆಕ್ಕಪತ್ರದ ಮಾತು. ಹಳೆಯ ಇಮ್ಯುನೋಅಸ್ಸೇ ಸಂಖ್ಯೆಗಳನ್ನೂ ಹೊಸ ಎಲ್‌ಸಿ-ಎಂಎಸ್/ಎಂಎಸ್ ಸಂಖ್ಯೆಗಳನ್ನೂ ಒಂದೇ ಗ್ರಾಫ್‌ಗೆ ಹಾಕಬೇಡಿ. 48ರಿಂದ 29ಕ್ಕೆ ಬಂದರೆ ಇಳಿದದ್ದು ಹಾರ್ಮೋನೋ, ಬದಲಾದದ್ದು ವಿಧಾನವೋ ಗೊತ್ತಾಗುವುದಿಲ್ಲ. ವಿಧಾನ ಬದಲಾದ ದಿನದಿಂದ ಹೊಸ ಸಾಲು ಶುರು ಮಾಡಿ. ಪ್ರತಿ ಸಂಖ್ಯೆಯ ಪಕ್ಕ ಲ್ಯಾಬ್, ವಿಧಾನ, ಘಟಕ, ಕೊನೆಯ ಡೋಸ್ ಆಗಿ ಎಷ್ಟು ದಿನ ಅನ್ನುವ ನಾಲ್ಕನ್ನೂ ಬರೆದಿಡಿ.