ಆಪರೆಟಾ ಹಾಡುಗಳ ರೇಡಿಯೊ ಕಛೇರಿ: ಹಾಡು ಉಳಿಯಿತು, ಕಥೆ?

ಆಪರೆಟಾ ಅಂದರೆ ಮಾತು, ಹಾಡು, ಕುಣಿತ, ನಗೆ ಎಲ್ಲ ಸೇರಿದ ಹಗುರವಾದ ಸಂಗೀತ ನಾಟಕ. ಕಂಪನಿ ನಾಟಕ ನೋಡಿದವರಿಗೆ ಇದರ ರೂಪ ಥಟ್ಟನೆ ಹೊಳೆಯುತ್ತದೆ. ರಂಗದ ಮೇಲೆ ಇದರ ಭರಾಟೆ ಇಳಿದ ಮೇಲೂ ಹಾಡುಗಳು ರೇಡಿಯೊದಲ್ಲಿ ಬದುಕಿದವು. ಆದರೆ ಎಲ್ಲ ಹಾಡುಗಳೂ ಅಲ್ಲ. ಯಾವುವು ಉಳಿದವು, ಯಾಕೆ? ಅದನ್ನೇ ನೋಡೋಣ.

ಅಮೆರಿಕದ ರೇಡಿಯೊ ಕಾರ್ಯಕ್ರಮ 'ರೈಲ್‌ರೋಡ್ ಅವರ್' 1948ರಿಂದ 1954ರವರೆಗೆ ಬಂತು. ದುಡ್ಡು ಹಾಕಿದ್ದು ರೈಲು ಕಂಪನಿಗಳ ಸಂಘ. ಹೆಸರು 'ಅವರ್' (ಅಂದರೆ ಒಂದು ಗಂಟೆ), ಸಿಗುತ್ತಿದ್ದದ್ದು ಮೊದಲು 45 ನಿಮಿಷ, ಆಮೇಲೆ ಬರೀ ಅರ್ಧ ಗಂಟೆ! ಗಾಯಕ ಗಾರ್ಡನ್ ಮೆಕ್ರೇ ಕಥೆಯನ್ನೂ ಹೇಳುತ್ತಾ ಹೋಗುತ್ತಿದ್ದರು, ಹಾಗಾಗಿ ಕಥೆಯ ಎಳೆಯಾದರೂ ಉಳಿಯುತ್ತಿತ್ತು. 1953ರಲ್ಲಿ ಶುರುವಾದ ಬಿಬಿಸಿಯ 'ಫ್ರೈಡೇ ನೈಟ್ ಈಸ್ ಮ್ಯೂಸಿಕ್ ನೈಟ್'ನಲ್ಲಿ ಆ ಗೊಡವೆಯೇ ಇಲ್ಲ. ವಾದ್ಯವೃಂದ, ಗಾಯಕರು, ಎದುರಿಗೆ ಪ್ರೇಕ್ಷಕರು. ವಿಯೆನ್ನಾದ ಹಾಡೊಂದು, ಲಂಡನ್ನಿನದೊಂದು, ಹೀಗೆ ಬಿಡಿಬಿಡಿಯಾಗಿ.

ಈಗ ಸಂಗೀತಕಾರ ಲೆಹಾರ್‌ನ ಆಪರೆಟಾ 'ಮೆರ್ರಿ ವಿಡೋ' (ವಿಯೆನ್ನಾ, 1905) ತೆಗೆದುಕೊಳ್ಳಿ. ಎರಡನೇ ಅಂಕದಲ್ಲಿ ನಾಯಕಿ ಹಾನಾ ತನ್ನ ಮನೆಯ ಔತಣದಲ್ಲಿ 'ವಿಲ್ಯಾ' ಹಾಡುತ್ತಾಳೆ. ಕಾಡಿನ ಮೋಹಿನಿಗೆ ಮನಸೋತ ಬೇಟೆಗಾರನ ಹಾಡು ಅದು. ನಾಟಕದ ಕಥೆ ಗೊತ್ತಿಲ್ಲದಿದ್ದರೂ ಏನೂ ಕಮ್ಮಿ ಆಗಲ್ಲ, ಯಾಕಂದರೆ ಹಾಡಿನೊಳಗೇ ಒಂದು ಪೂರ್ತಿ ಕಥೆ ಇದೆ. ರೇಡಿಯೊಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ?

ಅದೇ ನಾಟಕದ ವಾಲ್ಟ್ಸ್ (ಜೋಡಿಯಾಗಿ ಸುತ್ತುತ್ತಾ ಕುಣಿಯುವ ಧಾಟಿ) ಹಾಗಲ್ಲ. ಹಾನಾ, ನಾಯಕ ಡನಿಲೋ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಆಸೆ, ಬಾಯಿ ಬಿಡೋಕೆ ಬಿಗುಮಾನ. ಎರಡನೇ ಅಂಕದಲ್ಲಿ ಆ ಧಾಟಿ ಕುಣಿತಕ್ಕೆ ಮಾತ್ರ ಬರುತ್ತದೆ. ಮೂರನೇ ಅಂಕದಲ್ಲಿ ಅದಕ್ಕೆ ಮಾತು ಸೇರಿದಾಗ, ಇಷ್ಟು ಹೊತ್ತು ಇವರು ಹೇಳದೆ ಬಚ್ಚಿಟ್ಟದ್ದೆಲ್ಲ ಅದರಲ್ಲೇ ಇತ್ತು ಅಂತ ಪ್ರೇಕ್ಷಕರಿಗೆ ತಿಳಿಯುತ್ತದೆ. ಕಛೇರಿಯಲ್ಲಿ ನೇರವಾಗಿ ಮಾತಿನ ಭಾಗವನ್ನೇ ಹಾಡಿದರೆ ಕಿವಿಗೆ ಇಂಪೇನೋ ಹೌದು, ಆದರೆ ಕಾದು ಕೇಳಿದ ಖುಷಿ ಇಲ್ಲ. ನನ್ನ ಪ್ರಕಾರ ದೊಡ್ಡ ನಷ್ಟ ಇದೇ.

ಅಂಕದ ಕೊನೆಯಲ್ಲಿ ಎಲ್ಲರೂ ಸೇರಿ ಹಾಡುವ ಮೇಳಗಳ ಪಾಡಂತೂ ಇನ್ನೂ ಕಷ್ಟ. ಯಾರಿಗೆ ಯಾರ ಮೇಲೆ ಸಿಟ್ಟು ಅಂತ ಗೊತ್ತಿಲ್ಲದೆ ಹತ್ತಾರು ದನಿ ಕೇಳಿದರೆ ಸುಮ್ನೆ ಗದ್ದಲ. ನಗೆಹಾಡುಗಳೂ ಹೆಚ್ಚಾಗಿ ಸಂದರ್ಭ ಬಿಟ್ಟರೆ ಸಪ್ಪೆ. ಇಂಗ್ಲೆಂಡಿನ ಗಿಲ್ಬರ್ಟ್ (ಮಾತು)–ಸಲಿವನ್ (ಸಂಗೀತ) ಜೋಡಿಯ, ಪಟಪಟನೆ ಮಾತು ಉದುರಿಸುವ ಹಾಡುಗಳು ಮಾತ್ರ ಪಾರಾಗುತ್ತವೆ: 'ಪೈರೇಟ್ಸ್ ಆಫ್ ಪೆನ್ಜಾನ್ಸ್'ನ (1879) ಮೇಜರ್ ಜನರಲ್ ಬಂದವನೇ ತನ್ನ ಬಗ್ಗೆ ತಾನೇ ಕೊಚ್ಚಿಕೊಳ್ಳುತ್ತಾನೆ, ಬೇರೆ ಪರಿಚಯ ಬೇಕಾಗುವುದೇ ಇಲ್ಲ.