ಪೆಡಲ್‌ನಿಂದ ಮುಂಚಕ್ರದವರೆಗೆ

‘ಸ್ಕೋಡಾದ ಕೈಲಾಕ್‌ಗೂ ಸ್ಲಾವಿಯಾಗೂ ಪ್ಲಾಟ್‌ಫಾರ್ಮ್ ಒಂದೇ ಅಂತಾರೆ. ಹಾಗಾದ್ರೆ ದೊಡ್ಡ ಕಾರಿಗೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು?’ ಕಾರು ಕೊಳ್ಳುವ ಮುಂಚೆ ಸಲಹೆ ಕೇಳಲು ನನ್ನ ಗ್ಯಾರೇಜಿಗೆ ಬರುವವರು ಈಚೆಗೆ ಕೇಳುವ ಪ್ರಶ್ನೆ ಇದು. ಕೇಳಬೇಕಾದ ಪ್ರಶ್ನೆಯೇ. ಆದರೆ ಒಂದೇ ತಳದ ಮೇಲೆ ಬೇರೆ ಬೇರೆ ಬಾಡಿ ಕೂರಿಸುತ್ತಾರೆ ಎಂಬ ಕಲ್ಪನೆಯನ್ನು ಮೊದಲು ಬಿಡಬೇಕು. ಪ್ಲಾಟ್‌ಫಾರ್ಮ್ ಎಂದರೆ ಹಲವು ಕಾರುಗಳು ಹಂಚಿಕೊಳ್ಳುವ ಭಾಗ, ಅಳತೆಗಳ ಒಂದು ಗುಂಪು.

ಸ್ಕೋಡಾ ಕೂಡ ಸೇರಿರುವ ಫೋಕ್ಸ್‌ವ್ಯಾಗನ್ ಸಮೂಹ 2012ರಲ್ಲಿ ಆಡಿ ಎ3 ಮತ್ತು ಏಳನೇ ತಲೆಮಾರಿನ ಗಾಲ್ಫ್ ಜೊತೆ ಎಂಕ್ಯೂಬಿ ಎಂಬ ಪ್ಲಾಟ್‌ಫಾರ್ಮ್ ತಂದಿತು. ಅದರಲ್ಲಿ ಬಿಗಿಯಾಗಿ ಹಿಡಿದಿಟ್ಟ ಮುಖ್ಯ ಅಳತೆ ಒಂದು: ಮುಂಚಕ್ರದ ಆಕ್ಸಲ್‌ನಿಂದ ಪೆಡಲ್‌ವರೆಗಿನ ದೂರ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ), ಟ್ರ್ಯಾಕ್ (ಎಡ, ಬಲ ಚಕ್ರಗಳ ನಡುವಿನ ದೂರ), ಹಿಂದೆ ಮುಂದೆ ಚಾಚುವ ಭಾಗ ಎಲ್ಲವೂ ಬದಲಾಗಬಹುದು.

ಅಷ್ಟು ಜಾಗವನ್ನು ಮಾತ್ರ ಬದಲಿಸದೆ ಇಟ್ಟದ್ದು ಯಾಕೆ? ಮನೆ ಕಟ್ಟಿಸಿದವರಿಗೆ ಥಟ್ಟನೆ ಅರ್ಥವಾಗುತ್ತದೆ. ನಡುಮನೆಯನ್ನು ನಾಲ್ಕಡಿ ಹಿಗ್ಗಿಸುವುದು ಗೋಡೆಯ ಕೆಲಸ. ಬಚ್ಚಲು, ಅಡುಗೆಮನೆ ಜಾಗ ಬದಲಿಸಿದರೆ ಪೈಪು, ವೈರಿಂಗ್ ಎಲ್ಲ ಮೊದಲಿನಿಂದ. ಕಾರಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ಸ್ಟಿಯರಿಂಗ್, ಎ.ಸಿ. ಪೆಟ್ಟಿಗೆ, ಎದುರಿನ ಡಿಕ್ಕಿಯ ಹೊಡೆತ ತಿನ್ನುವ ಉಕ್ಕಿನ ತೊಲೆಗಳು ಎಲ್ಲ ಇಕ್ಕಟ್ಟಾಗಿ ಕೂರುವುದು ಅಲ್ಲೇ. ಲೆಕ್ಕಾಚಾರ, ಪರೀಕ್ಷೆ, ಖರ್ಚು ಹೆಚ್ಚು ಬೇಡುವುದೂ ಅದೇ ಭಾಗ. ಎಂಕ್ಯೂಬಿಗಾಗಿ ಎಂಜಿನ್ನುಗಳನ್ನು ಹಿಂದಕ್ಕೆ 12 ಡಿಗ್ರಿ ವಾಲಿಸಿ, ಎಕ್ಸಾಸ್ಟ್ ಬದಿಯನ್ನು ಕ್ಯಾಬಿನ್ನಿನತ್ತ ತಿರುಗಿಸಿದರು. ಪೆಟ್ರೋಲ್ ಆಗಲಿ ಡೀಸೆಲ್ ಆಗಲಿ, ಕೂರುವ ಭಂಗಿ ಒಂದೇ. ಬಾನೆಟ್ ಎತ್ತುವ ನಮಗೆ ಇದು ನಿಜವಾಗಿ ದೊಡ್ಡ ಉಪಕಾರ.

ಭಾರತಕ್ಕೆಂದೇ ಸಿದ್ಧಪಡಿಸಿದ ರೂಪ ಎಂಕ್ಯೂಬಿ ಎ0 ಐಎನ್. ಸ್ಕೋಡಾದ ಕುಶಾಕ್ ಎಸ್‌ಯುವಿ ಮತ್ತು ಸ್ಲಾವಿಯಾ ಸೆಡಾನ್ ಎರಡರ ವೀಲ್‌ಬೇಸೂ 2651 ಮಿ.ಮೀ.; ಸ್ಲಾವಿಯಾಗೆ ಹಿಂದೆ ಸಾಮಾನಿನ ಡಿಕ್ಕಿ ಸೇರಿರುವುದರಿಂದ ಅದರ ಉದ್ದ 4541 ಮಿ.ಮೀ. ಕೈಲಾಕ್‌ನ ವೀಲ್‌ಬೇಸ್ 2566, ಒಟ್ಟು ಉದ್ದ 3995. ಆ ಕೊನೆಯ ಐದು ಮಿ.ಮೀ. ಉಳಿಸಿದ್ದು ತೆರಿಗೆಗಾಗಿ, 4 ಮೀಟರ್ ದಾಟಿದರೆ ಸಣ್ಣ ಕಾರಿನ ದರ ಸಿಗದು. ವೀಲ್‌ಬೇಸಿನಲ್ಲಿ ಕಡಿಮೆಯಾದ 85 ಮಿ.ಮೀ. ಹೋಗಿದ್ದು ಪೆಡಲ್‌ನಿಂದ ಹಿಂದಕ್ಕೆ, ಅಂದರೆ ನೀವು ಮತ್ತು ನಿಮ್ಮ ಮನೆಯವರು ಕೂರುವ ಕಡೆ. ಅದಕ್ಕೇ ನಾನು ಹೇಳುವುದು: ಟೆಸ್ಟ್ ಡ್ರೈವ್‌ಗೆ ಹೋದಾಗ ಸ್ಟಿಯರಿಂಗ್ ಹಿಡಿದಷ್ಟೇ ಹೊತ್ತು ಹಿಂದಿನ ಸೀಟಿನಲ್ಲೂ ಕೂತು ನೋಡಿ.

ಸುರಕ್ಷತೆಯ ಸ್ಟಾರ್‌ಗಳೂ ಪ್ಲಾಟ್‌ಫಾರ್ಮಿನಿಂದ ಬಳುವಳಿಯಾಗಿ ಬರುವುದಿಲ್ಲ. ತೂಕ, ಏರ್‌ಬ್ಯಾಗ್, ಬಾಗಿಲ ಕಂಬ ಬೇರೆಯಾದರೆ ಫಲಿತಾಂಶವೂ ಬೇರೆ. ಈ ಮೂರೂ ಐದೈದು ಸ್ಟಾರ್ ಪಡೆದದ್ದು ಬೇರೆ ಬೇರೆಯಾಗಿ ಪರೀಕ್ಷೆಗೆ ಒಳಗಾಗಿಯೇ.

ಬಿಡಿಭಾಗದ ವಿಷಯದಲ್ಲಂತೂ ಎಚ್ಚರ. ಒಬ್ಬರು ತಮ್ಮ ಸೆಡಾನ್‌ಗೆ ಅದೇ ಪ್ಲಾಟ್‌ಫಾರ್ಮಿನ ಎಸ್‌ಯುವಿಯ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ತಂದಿದ್ದರು. ಬೋಲ್ಟ್ ಸಲೀಸಾಗಿ ಕೂರುತ್ತಿತ್ತು. ಆದರೆ ಸ್ಪ್ರಿಂಗಿನ ಗಡಸು, ಎತ್ತರ ಆ ಎಸ್‌ಯುವಿಯ ತೂಕಕ್ಕೆ ಹೊಂದಿಸಿದ್ದು. ನಾನು ಹಾಕಿಕೊಡಲಿಲ್ಲ. ಹೊಂದುತ್ತದೋ ಇಲ್ಲವೋ ಎಂದು ಹೇಳಬೇಕಾದ್ದು ಪಾರ್ಟ್ ನಂಬರ್.

ಇದಕ್ಕೆ ತದ್ವಿರುದ್ಧ ಉದಾಹರಣೆ ನಮ್ಮ ಬಿಡದಿಯಲ್ಲೇ ಇದೆ. ಟೊಯೊಟಾದ ಇನ್ನೋವಾ ಕ್ರಿಸ್ಟಾ, ಇನ್ನೋವಾ ಹೈಕ್ರಾಸ್ ಎರಡೂ ಅಲ್ಲೇ ತಯಾರಾದವು. ಹೆಸರು ಒಂದೇ, ಎಲುಬು ಬೇರೆ. ಕ್ರಿಸ್ಟಾಗೆ ಫಾರ್ಚೂನರ್, ಹೈಲಕ್ಸ್ ಜೊತೆ ನಂಟು: ಲ್ಯಾಡರ್ ಫ್ರೇಮ್ (ಬಾಡಿಯ ಕೆಳಗೆ ಏಣಿಯಂಥ ಪ್ರತ್ಯೇಕ ಉಕ್ಕಿನ ಚೌಕಟ್ಟು), ಹಿಂಚಕ್ರಕ್ಕೆ ಬಲ. 2022ರಲ್ಲಿ ಬಂದ ಹೈಕ್ರಾಸ್ ಟಿಎನ್‌ಜಿಎ-ಸಿ ಎಂಬ ಪ್ಲಾಟ್‌ಫಾರ್ಮಿನ ಮೇಲಿನ ಮಾನೊಕಾಕ್ (ಬಾಡಿಯೇ ಚೌಕಟ್ಟಾಗಿರುವ ಕಾರು), ಮುಂಚಕ್ರಕ್ಕೆ ಬಲ; ಅದರ ದಾಯಾದಿಗಳು ಪ್ರಿಯಸ್, ಕೊರೊಲಾ. ಕ್ರಿಸ್ಟಾದಲ್ಲಿ ಕೈ ಪಳಗಿದ ಹುಡುಗರು ಹೈಕ್ರಾಸ್ ಬಂದಾಗ ಅಭ್ಯಾಸಬಲದಿಂದ ಫ್ರೇಮ್ ಹುಡುಕಿ ಜಾಕ್ ಒಡ್ಡಲು ಹೋಗುತ್ತಾರೆ. ಅಲ್ಲಿ ಫ್ರೇಮೇ ಇಲ್ಲ. ಬಾಗಿಲ ಕೆಳಗಿನ ಅಂಚಿನಲ್ಲಿ ಗುರುತಿಸಿದ ಜಾಗಕ್ಕೇ ಜಾಕ್ ಕೊಡಬೇಕು, ಇಲ್ಲದಿದ್ದರೆ ತಳದ ತಗಡು ಒಳಕ್ಕೆ ನೆಗ್ಗುತ್ತದೆ.