ಪಕ್ಕ ಹಿಡಿದು ಹೊಲಿದರೂ ದೊಡ್ಡ ಅಂಗಿ ಮೈಗೆ ಕೂರುವುದಿಲ್ಲ, ಏಕೆ?

ಓದುಗರ ಪ್ರಶ್ನೆ: "ಕಲಬುರಗಿಯಲ್ಲಿ ಗಾಡಿಯ ಮೇಲೆ ರಾಶಿ ಹಾಕಿ ಮಾರುವ ಹಳೆಯ ಅಂಗಿಗಳಲ್ಲಿ ಒಳ್ಳೆಯ ಹತ್ತಿ ಬಟ್ಟೆ ಸಿಗುತ್ತದೆ. ಆದರೆ ಹೆಚ್ಚಿನವು ಗಂಡಸರ 44, 46ರ ಅಳತೆಯವು. ಒಂದನ್ನು ತಂದು ಎರಡೂ ಪಕ್ಕ ಹಿಡಿದು ಹೊಲಿದೆ. ಸೊಂಟಕ್ಕೆ ಸರಿಯಾಯಿತು. ಭುಜ ಮಾತ್ರ ಜೋತುಬಿದ್ದಿದೆ, ಕೈ ಎತ್ತಿದರೆ ಅಂಗಿಯೆಲ್ಲ ಮೇಲೇರುತ್ತದೆ. ಇದನ್ನು ಮೈಗೆ ಕೂರುವ ಟಾಪ್ ಮಾಡಿಕೊಳ್ಳಲು ಸಾಧ್ಯವೇ?"

ಸಾಧ್ಯ. ಮಶೀನಿನಲ್ಲಿ ನೇರ ಹೊಲಿಗೆ ಹಾಕಲು ಬರುವ ಯಾರೇ ಆದರೂ ಇದನ್ನು ಮಾಡಬಲ್ಲರು. ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಆದರೆ ಎಲ್ಲದರ ಬೇರು ಒಂದೇ. ಅಂಗಿ ನಿಲ್ಲುವುದು ಭುಜದ ಮೇಲೆ. ಭುಜದ ಹೊಲಿಗೆ ತೋಳಿನ ಮೇಲೆ ಎರಡು ಇಂಚು ಇಳಿದು ಕುಳಿತಿರುವಾಗ ಸೊಂಟವನ್ನು ಎಷ್ಟು ಬಿಗಿ ಮಾಡಿದರೂ ಅದು ಬೇರೆಯವರ ಅಂಗಿಯಾಗಿಯೇ ಕಾಣುತ್ತದೆ. ಹಾಗಾಗಿ ಕೆಲಸ ಮೇಲಿನಿಂದ ಶುರುವಾಗಬೇಕು: ಮೊದಲು ಭುಜ, ಆಮೇಲೆ ಕಂಕುಳು, ತೋಳು, ಕಡೆಗೆ ಪಕ್ಕ. ನೀವು ಕಡೆಯ ಕೆಲಸವನ್ನು ಮೊದಲು ಮಾಡಿದ್ದೀರಿ. ಆ ಹೊಲಿಗೆಯನ್ನು ಬಿಚ್ಚಿಬಿಡಿ, ಬಟ್ಟೆಯನ್ನು ಕತ್ತರಿಸಿಲ್ಲವಾದರೆ ಏನೂ ಕೆಟ್ಟಿಲ್ಲ.

ಕೈ ಎತ್ತಿದರೆ ಅಂಗಿ ಏಕೆ ಏರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇದು ತಿಳಿದರೆ ಉಳಿದದ್ದೆಲ್ಲ ತಾನಾಗಿ ಹೊಳೆಯುತ್ತದೆ. ದೊಡ್ಡ ಅಂಗಿಯ ಆರ್ಮ್‌ಹೋಲ್, ಅಂದರೆ ತೋಳು ಮೈಗೆ ಸೇರುವ ಸುತ್ತು, ನಿಮ್ಮ ಕಂಕುಳಿಗಿಂತ ಬಹಳ ಕೆಳಗಿರುತ್ತದೆ. ಅಂಗಿ ಸಡಿಲವಾಗಿದ್ದಾಗ ಅದು ತೊಂದರೆ ಕೊಡುವುದಿಲ್ಲ, ಮೈಯ ಸುತ್ತ ಬಟ್ಟೆ ಧಾರಾಳವಾಗಿರುತ್ತದೆ. ಪಕ್ಕ ಹಿಡಿದ ಕೂಡಲೇ ಆ ಧಾರಾಳ ಹೋಗುತ್ತದೆ, ಆದರೆ ತೋಳು ಸೇರುವ ಜಾಗ ಕೆಳಗೇ ಉಳಿಯುತ್ತದೆ. ಆಗ ಕೈ ಎತ್ತಿದರೆ ತೋಳು ಪಕ್ಕವನ್ನು ಹಿಡಿದೆಳೆಯುತ್ತದೆ, ಪಕ್ಕದೊಂದಿಗೆ ಅಂಗಿಯ ಅಂಚೂ ಏರುತ್ತದೆ. ಕಂಕುಳಲ್ಲಿ ಬಿಗಿಯಾಯಿತೆಂದು ಅನೇಕರು ಅಲ್ಲಿ ಇನ್ನಷ್ಟು ಕೊರೆದು ಕೆಳಗಿಳಿಸುತ್ತಾರೆ. ಎಳೆತ ಹೆಚ್ಚುವುದೇ ಅದರಿಂದ. ಆರ್ಮ್‌ಹೋಲ್‌ನ ತಳ ಕಂಕುಳಿಗೆ ಹತ್ತಿರ, ಸುಮಾರು ಒಂದು ಇಂಚು ಕೆಳಗೆ ಇದ್ದರೆ ಕೈ ಸರಾಗವಾಗಿ ಮೇಲೇಳುತ್ತದೆ, ಅಂಗಿ ಇದ್ದಲ್ಲೇ ಇರುತ್ತದೆ.

ಇನ್ನು ಅಳತೆ. ನಿಮಗೆ ಚೆನ್ನಾಗಿ ಕೂರುವ, ಹಿಗ್ಗದ ಬಟ್ಟೆಯ ಒಂದು ಕುರ್ತಾ ನಿಮ್ಮಲ್ಲಿ ಇರಲೇಬೇಕು. ಅದಕ್ಕಿಂತ ಒಳ್ಳೆಯ ನಕ್ಷೆ ಯಾವುದೂ ಇಲ್ಲ. ಆದರೂ ಲೆಕ್ಕ ಗೊತ್ತಿರುವುದು ಒಳ್ಳೆಯದು. ನಿಮ್ಮ ಎದೆಯ ಸುತ್ತಳತೆ 36 ಇಂಚು ಎಂದುಕೊಳ್ಳಿ. ಉಸಿರಾಟಕ್ಕೆ, ಓಡಾಟಕ್ಕೆ ನಾಲ್ಕು ಇಂಚು ಸಡಿಲ ಸೇರಿಸಿದರೆ ಟಾಪ್ 40 ಇಂಚು ಇರಬೇಕು, ಅಂದರೆ ನೆಲದ ಮೇಲೆ ಹಾಸಿದಾಗ 20. ತಂದ ಅಂಗಿ ಹಾಸಿದಾಗ 25 ಇಂಚು ಇದ್ದರೆ ಒಂದೊಂದು ಪಕ್ಕಕ್ಕೆ ಎರಡೂವರೆ ಇಂಚು ಹೆಚ್ಚಿದೆ. ಈಗ ಭುಜ. ಬೆನ್ನಿನ ಮೇಲೆ ಒಂದು ಭುಜದ ಮೂಳೆಯ ತುದಿಯಿಂದ ಇನ್ನೊಂದರ ತುದಿಗೆ ಟೇಪು ಹಿಡಿಯಿರಿ. ನಿಮ್ಮದು 15, ಅಂಗಿಯದು 20 ಆದರೆ ಇಲ್ಲಿಯೂ ಒಂದೊಂದು ಕಡೆ ಎರಡೂವರೆ ಇಂಚು. ಇವು ಹೊಲಿಗೆ ಬರಬೇಕಾದ ಗೆರೆಗಳು. ಕತ್ತರಿ ಓಡಬೇಕಾದದ್ದು ಇವಕ್ಕಿಂತ ಅರ್ಧ ಇಂಚು ಹೊರಗೆ.

ಕತ್ತರಿಗೆ ಮೊದಲು ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ, ಎರಡೂ ತೋಳುಗಳನ್ನು ಬಿಚ್ಚಿ. ಪಕ್ಕದ ಹೊಲಿಗೆಯನ್ನೂ ಬಿಚ್ಚಿ. ಗುಂಡಿ ಹಾಕಿ, ಮಧ್ಯದ ಗೆರೆಯಲ್ಲಿ ಮಡಚಿ, ಎಡ ಬಲ ಒಂದರ ಮೇಲೊಂದು ಸರಿಯಾಗಿ ಕೂರಿಸಿ ಗುಂಡುಸೂಜಿ ಚುಚ್ಚಿ. ಅದರ ಮೇಲೆ ನಿಮ್ಮ ಕುರ್ತಾವನ್ನೂ ಹಾಗೆಯೇ ಮಡಚಿಟ್ಟು ಚಾಕಿನಿಂದ ಗೆರೆ ಎಳೆಯಿರಿ. ಇಲ್ಲೊಂದು ಅನುಕೂಲವಿದೆ. ಹಳೆಯ ಆರ್ಮ್‌ಹೋಲ್ ಕಮಾನಿನಂತೆ ಬಾಗಿರುವುದರಿಂದ, ನೀವು ಒಳಕ್ಕೆ ಸರಿದಂತೆಲ್ಲ ಹಳೆಯ ತಳಕ್ಕಿಂತ ಮೇಲೂ ಸ್ವಲ್ಪ ಬಟ್ಟೆ ಸಿಗುತ್ತದೆ. ಕಂಕುಳನ್ನು ಮೇಲಕ್ಕೆ ತರಲು ಬೇಕಾದ ಬಟ್ಟೆ ಅದೇ. ಅಷ್ಟೂ ಸಾಲದೆ ಹೋದರೆ ಭುಜದ ಹೊಲಿಗೆಯಲ್ಲಿ ಅರ್ಧ ಮುಕ್ಕಾಲು ಇಂಚು ಹಿಡಿದು ಇಡೀ ಅಂಗಿಯನ್ನೇ ಮೇಲಕ್ಕೆತ್ತಬಹುದು. ಮುಂಭಾಗದ ಕಮಾನು ಹಿಂಭಾಗದ್ದಕ್ಕಿಂತ ಸುಮಾರು ಅರ್ಧ ಇಂಚು ಹೆಚ್ಚು ಒಳಗಿರಲಿ. ಕೈಗಳು ಮುಂದಕ್ಕೆ ಚಾಚುವುದೇ ಹೆಚ್ಚು, ಅಲ್ಲಿ ಬಟ್ಟೆ ಉಳಿದರೆ ನೆರಿಗೆ ಬೀಳುತ್ತದೆ.

ತೋಳಿಗೂ ಕತ್ತರಿ ಹಾಕಲೇಬೇಕು. ಗಂಡಸರ ಅಂಗಿಯ ತೋಳಿನ ಮೇಲ್ತುದಿ ಅಗಲವಾಗಿ, ತಗ್ಗಾಗಿ ಇರುತ್ತದೆ. ಮೈಗೆ ಕೂರುವ ಟಾಪ್‌ಗೆ ಅದು ಕಿರಿದಾಗಿ, ಎತ್ತರವಾಗಿ ಬೇಕು. ಕುರ್ತಾದ ತೋಳನ್ನೇ ಇಟ್ಟು ಗೆರೆ ಎಳೆಯಿರಿ. ಅಂಗಿಯ ತೋಳು ಉದ್ದವಾಗಿರುವುದರಿಂದ ಬಟ್ಟೆಗೆ ಕೊರತೆಯಾಗದು. ಆಮೇಲೆ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಆರ್ಮ್‌ಹೋಲ್ ಎಷ್ಟಿದೆ, ತೋಳಿನ ಕಮಾನು ಎಷ್ಟಿದೆ ಎಂದು ಹೊಲಿಗೆಯ ಗೆರೆಯಲ್ಲೇ ನೋಡಿ. ತೋಳಿನದು ಅರ್ಧ ಇಂಚು ಹೆಚ್ಚಿದ್ದರೆ ಸರಿ. ಅದಕ್ಕಿಂತ ಬಹಳ ಹೆಚ್ಚಾದರೆ ಭುಜದ ಮೇಲೆ ಉಬ್ಬು ಬರುತ್ತದೆ, ಕಡಿಮೆಯಾದರೆ ಎಳೆಯುತ್ತದೆ.

ಹೊಲಿಯುವಾಗ ಪಕ್ಕ ತೆರೆದಿರುವಾಗಲೇ ತೋಳನ್ನು ಭುಜಕ್ಕೆ ಕೂಡಿಸಿ. ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ತೊಟ್ಟು ನೋಡಿ, ಕನ್ನಡಿಯ ಮುಂದೆ ಕೈ ಎತ್ತಿ ಇಳಿಸಿ. ಸರಿ ಎನಿಸಿದ ಮೇಲೆ ಗಟ್ಟಿ ಹೊಲಿಗೆ. ನಂತರ ತೋಳಿನ ತುದಿಯಿಂದ ಕಂಕುಳಿನ ಮೂಲಕ ಅಂಗಿಯ ಅಂಚಿನವರೆಗೆ ಒಂದೇ ಓಟದಲ್ಲಿ ಹೊಲಿಯಿರಿ. ನೀವು ಮೊದಲು ಹಿಡಿದಿದ್ದ ಪಕ್ಕ ಈಗ ತನ್ನ ಸರದಿಯಲ್ಲಿ ಬಂದಿದೆ.

ಹೆಣ್ಣುಮಕ್ಕಳ ಟಾಪ್‌ಗೆ ಡಾಟ್, ಅಂದರೆ ಬಟ್ಟೆಯನ್ನು ಮಡಚಿ ತುದಿ ಚೂಪಾಗುವಂತೆ ಹಿಡಿಯುವ ಹೊಲಿಗೆ, ಬೇಕು. ಗಂಡಸರ ಅಂಗಿಯಲ್ಲಿ ಎದೆಯ ಉಬ್ಬಿಗೆ ಜಾಗವೇ ಇರುವುದಿಲ್ಲ, ಪಕ್ಕ ಬಿಗಿಯಾದಾಗ ಗುಂಡಿಗಳ ನಡುವೆ ಬಾಯಿ ಬಿಡುವುದು ಅದಕ್ಕೇ. ಪಕ್ಕದ ಹೊಲಿಗೆ ಹಾಕುವ ಮೊದಲೇ, ಪಕ್ಕದಿಂದ ಎದೆಯ ತುದಿಯ ಕಡೆಗೆ ಒಂದೊಂದು ಡಾಟ್ ಹಿಡಿಯಿರಿ. ತುದಿಗೆ ಒಂದು ಇಂಚು ಮೊದಲೇ ಅದು ಮುಗಿಯಬೇಕು. ಡಾಟ್ ಹಿಡಿದಷ್ಟು ಮುಂಭಾಗದ ಪಕ್ಕ ಮೋಟಾಗುತ್ತದೆ, ಹಿಂಭಾಗದ ಅಂಚನ್ನು ಅದಕ್ಕೆ ಸರಿಹೊಂದಿಸಿಕೊಳ್ಳಿ. ಸೊಂಟದ ಸಡಿಲವನ್ನೆಲ್ಲ ಪಕ್ಕದಲ್ಲೇ ತೆಗೆಯದೆ ಬೆನ್ನಿನಲ್ಲಿ ಎರಡು ಉದ್ದ ಡಾಟ್ ಹಾಕಿದರೆ ಟಾಪ್ ಬೆನ್ನಿನ ಬಾಗನ್ನು ಹಿಡಿದು ಕೂರುತ್ತದೆ. ಇಷ್ಟನ್ನು ಮಾಡಿದವರಿಗೂ ಮಾಡದವರಿಗೂ ದೂರದಿಂದಲೇ ವ್ಯತ್ಯಾಸ ಕಾಣುತ್ತದೆ.

ಗುಂಡಿಪಟ್ಟಿಯನ್ನು ಮುಟ್ಟಬೇಡಿ. ಕಾಜಾ, ಗುಂಡಿ, ಪಟ್ಟಿ ಎಲ್ಲವೂ ಸಿದ್ಧವಾಗಿ ಸಿಕ್ಕಿರುವುದೇ ಹಳೆಯ ಅಂಗಿಯ ದೊಡ್ಡ ಲಾಭ. ಕಾಲರ್ ದೊಡ್ಡದಾದರೆ ಮೇಲಿನ ಎಲೆಯನ್ನು ಬಿಚ್ಚಿ ಕೆಳಗಿನ ಪಟ್ಟಿಯನ್ನಷ್ಟೇ ಉಳಿಸಿ. ಚೈನೀಸ್ ಕಾಲರ್ ಆಗುತ್ತದೆ, ಮೇಲಿನ ಗುಂಡಿ ಬಿಟ್ಟುಕೊಂಡರೆ ಸಡಿಲ ಕಾಣುವುದಿಲ್ಲ. ಜೇಬಿನ ವಿಷಯ ಮಾತ್ರ ಯೋಚಿಸಿ ಮಾಡಿ. ಪಕ್ಕ ಒಳಬಂದಾಗ ಜೇಬು ಕಂಕುಳಿಗೆ ತಾಗುವಂತೆ ಸರಿಯುತ್ತದೆ, ತೆಗೆಯಬೇಕಾಗುತ್ತದೆ. ಆದರೆ ಬಣ್ಣ ಮಾಸಿದ ಅಂಗಿಯಲ್ಲಿ ಜೇಬಿನ ಅಡಿಯ ಬಟ್ಟೆ ಮಾಸದೆ ಗಾಢವಾಗಿ ಉಳಿದಿರುತ್ತದೆ, ಚೌಕದ ಗುರುತು ಎದ್ದು ಕಾಣುತ್ತದೆ. ಅಲ್ಲಿ ಒಂದು ತುಂಡು ಖಣದ ಬಟ್ಟೆ ಅಂಟಿಸಿ ಹೊಲಿದರೆ, ಅಥವಾ ಕೈ ಬರುವವರು ಕಸೂತಿ ಹಾಕಿದರೆ, ಆ ಗುರುತು ಮುಚ್ಚಿಹೋಗುತ್ತದೆ.

ಅಂಗಿ ಆರಿಸುವಾಗಲೇ ಅರ್ಧ ಕೆಲಸ ಗೆದ್ದಂತೆ. ಬೆಳಕಿಗೆ ಹಿಡಿದು ನೋಡಿ: ಮೊಣಕೈ, ಕಾಲರಿನ ಮಡಿಕೆ ತೆಳುವಾಗಿದ್ದರೆ ಬಿಡಿ. ಕಂಕುಳಿನ ಬಟ್ಟೆ ಹೇಗೂ ಕತ್ತರಿಸಿ ಹೋಗುವುದರಿಂದ ಅಲ್ಲಿನ ಬೆವರಿನ ಕಲೆಗೆ ಮಾತ್ರ ಹೆದರಬೇಕಾಗಿಲ್ಲ. ಹತ್ತಿಯೋ ಪಾಲಿಯೆಸ್ಟರೋ ಎಂಬ ಅನುಮಾನವಿದ್ದರೆ ಮನೆಗೆ ತಂದ ಮೇಲೆ ಒಳ ಅಂಚಿನ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಮೈಗೆ ತಾಗುವ ಟಾಪ್‌ಗೆ ಹತ್ತಿಯೇ ಬೇಕು ಎಂಬುದು ನನ್ನ ಹಟ. ಹಲವು ಬಾರಿ ಒಗೆದ ಹತ್ತಿ ಕುಗ್ಗುವಷ್ಟು ಕುಗ್ಗಿಯೂ ಆಗಿರುತ್ತದೆ, ಹೊಲಿದ ಮೇಲೆ ಮೋಸ ಮಾಡುವುದಿಲ್ಲ. ಸಾಧಾರಣ ಅಂಗಿ ಬಟ್ಟೆಗೆ 14ರ ಸೂಜಿ ಸಾಕು, ತೀರ ತೆಳುವಿದ್ದರೆ 11.

ಕತ್ತರಿಸಿ ಉಳಿದ ತುಂಡುಗಳನ್ನು ಎಸೆಯಬೇಡಿ ಎಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವ ಅಜ್ಜಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಪಕ್ಕದಿಂದ ಬಂದ ಪಟ್ಟಿಗಳು ಅವರಿಗೆ ಬೇಕೇ ಬೇಕು.

ಟಿ-ಶರ್ಟಿಗೆ ಈ ಕ್ರಮವೇ ಸಾಕು, ಸೂಜಿ ಮಾತ್ರ ಮೊಂಡು ತುದಿಯದು ಬೇಕು, ಹೊಲಿಗೆ ಅಂಕುಡೊಂಕಿನದು ಬೇಕು, ಇಲ್ಲವಾದರೆ ಬಟ್ಟೆ ಹಿಗ್ಗಿದಾಗ ದಾರ ಪಟ್ಟನೆ ಹರಿಯುತ್ತದೆ. ಜೀನ್ಸ್ ಪ್ಯಾಂಟಿನ ಸೊಂಟವನ್ನು ಹಿಂಬದಿಯ ನಡು ಹೊಲಿಗೆಯಲ್ಲಿ ಎರಡು ಇಂಚಿನವರೆಗೆ ಹಿಡಿಯಬಹುದು. ಅದಕ್ಕೂ ಹೆಚ್ಚಾದರೆ ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಸ್ತರವಿರುವ ಕೋಟನ್ನು ಮನೆಯಲ್ಲಿ ಮುಟ್ಟದಿರುವುದೇ ಒಳ್ಳೆಯದು.

ಮಶೀನು ಇಲ್ಲದವರು ದರ್ಜಿಯ ಬಳಿ ಹೋಗುವಾಗ "ಫಿಟ್ಟಿಂಗ್ ಮಾಡಿಕೊಡಿ" ಎಂದಷ್ಟೇ ಹೇಳಬೇಡಿ. ಹಾಗೆಂದರೆ ಸಾಮಾನ್ಯವಾಗಿ ಪಕ್ಕ ಮಾತ್ರ ಹಿಡಿದು ಕೊಡುತ್ತಾರೆ, ಏಕೆಂದರೆ ಆ ಮಾತಿಗೆ ರೂಢಿಯ ಅರ್ಥವೇ ಅದು. "ತೋಳು ಬಿಚ್ಚಿ, ಭುಜ ಒಳಗೆ ತೆಗೆದುಕೊಂಡು, ಆರ್ಮ್‌ಹೋಲ್ ಮೇಲೆತ್ತಿ ಹೊಲಿದುಕೊಡಿ" ಎನ್ನಿ, ಅಳತೆಯ ಕುರ್ತಾವನ್ನೂ ಜೊತೆಗೆ ಕೊಡಿ. ಇದು ಹೊಸ ಟಾಪ್ ಹೊಲಿಯುವಷ್ಟೇ ಕೆಲಸ, ಮಜೂರಿಯೂ ಹಾಗೆಯೇ ಇರುತ್ತದೆ, ಚೌಕಾಸಿ ಮಾಡಬೇಡಿ. ರಂಜಾನ್ ಮತ್ತು ದೀಪಾವಳಿಯ ಹಿಂದಿನ ವಾರಗಳಲ್ಲಿ ಮಾತ್ರ ಇಂಥ ಬಟ್ಟೆ ಒಯ್ಯಬೇಡಿ. ಆಗ ಹೊಸ ಬಟ್ಟೆಯ ರಾಶಿಯೇ ತಲೆಯ ಮಟ್ಟಕ್ಕಿರುತ್ತದೆ, ತೋಳು ಬಿಚ್ಚಿ ಕೂರುವ ಪುರಸೊತ್ತು ಯಾರಿಗೂ ಇರುವುದಿಲ್ಲ.